ಅರವತ್ತು ಮೈಲಿ ಮತ್ತು ಒಂದು ಇ-ಮೇಲ್



2009ರ ಚಳಿಗಾಲದಲ್ಲಿ ನನಗೆ ಸ್ತನ ಕ್ಯಾನ್ಸರ್ ಇದೆಯೆಂದು ತಿಳಿದಾಗ ನಾನು ಮೊದಲು ಮಾಡಿದ ಕೆಲಸ ಅದನ್ನು ಮುಚ್ಚಿಟ್ಟದ್ದು. ಚಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿರುವ ನಮ್ಮ ಮನೆಯವರಿಗೆ, ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿರುವ ನನ್ನ ತಂಗಿಗೆ ಮಾತ್ರ ಗೊತ್ತಿತ್ತು. ಮೈಸೂರಿನಲ್ಲಿದ್ದ ಅಮ್ಮನಿಗೆ "ಸ್ವಲ್ಪ ಸುಸ್ತು" ಎಂದೆ. ಆ ವರ್ಷ ಯುಗಾದಿ ಕಾರ್ಯಕ್ರಮಕ್ಕೂ ಹೋಗಲಿಲ್ಲ. ನಾಲ್ಕು ಜನ ಏನಂದುಕೊಳ್ಳುತ್ತಾರೋ ಎಂಬ ಭಯ!

ಮೂರು ವಾರಕ್ಕೊಮ್ಮೆ ಕೀಮೋ. ಪ್ರತಿ ಸಲವೂ ತಂಗಿ ಐ-94ರಲ್ಲಿ ಕಾರು ಓಡಿಸಿಕೊಂಡು ಬರುತ್ತಿದ್ದಳು. ಒಗ್ಗರಣೆಯ ವಾಸನೆ ನನಗೆ ಆಗುತ್ತಿರಲಿಲ್ಲವೆಂದು ಬರೀ ಗಂಜಿ, ಮೊಸರನ್ನ ಮಾಡಿಡುತ್ತಿದ್ದಳು.

ಚಿಕಿತ್ಸೆ ಮುಗಿದ ಮೇಲೆ ಅವಳೇ ಹೇಳಿದಳು, "ಅಕ್ಕ, ಕೋಮೆನ್ ಸಂಸ್ಥೆಯ ಮೂರು ದಿನದ ನಡಿಗೆಗೆ ಸೇರೋಣ." ಸೂಸನ್ ಕೋಮೆನ್ ನಮ್ಮ ಇಲಿನಾಯ್‌ನ ಪಿಯೋರಿಯಾದವರು. 1980ರಲ್ಲಿ, 36ನೇ ವಯಸ್ಸಿಗೇ ಈ ಕಾಯಿಲೆಯಿಂದ ತೀರಿಕೊಂಡರು. ಅಕ್ಕನಿಗೆ ಕೊಟ್ಟ ಮಾತಿನಂತೆ ತಂಗಿ ನ್ಯಾನ್ಸಿ ಬ್ರಿಂಕರ್ 1982ರಲ್ಲಿ ಸಂಸ್ಥೆ ಕಟ್ಟಿದರು. ಅಕ್ಕ-ತಂಗಿಯರ ಕಥೆ ಕೇಳಿ ನಾನೂ ಒಪ್ಪಿಕೊಂಡೆ.

ನಡೆಯುವುದು 60 ಮೈಲಿ. ಒಬ್ಬೊಬ್ಬರೂ ಕನಿಷ್ಠ 2,300 ಡಾಲರ್ ಕೂಡಿಸಬೇಕು. ಹಣ ಕೇಳಬೇಕಾದರೆ ಕಾರಣ ಹೇಳಲೇಬೇಕಲ್ಲ? ಒಂದು ರಾತ್ರಿ ಧೈರ್ಯ ಮಾಡಿ ವಿದ್ಯಾರಣ್ಯ ಕನ್ನಡ ಕೂಟ, ಪಂಪ ಕನ್ನಡ ಕೂಟಗಳ ಪರಿಚಿತರಿಗೆಲ್ಲ ಇ-ಮೇಲ್ ಬರೆದೆ. "ನನಗೆ ಸ್ತನ ಕ್ಯಾನ್ಸರ್ ಆಗಿತ್ತು" ಎಂಬ ಒಂದು ಸಾಲು ಬರೆಯಲು ಒಂದು ಗಂಟೆ ಹಿಡಿಯಿತು.

ಅದಕ್ಕೂ ಮೊದಲು ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಅತ್ತರು. ಆಮೇಲೆ ಮೆಲ್ಲಗೆ, "ನಿಮ್ಮ ದೊಡ್ಡಮ್ಮ ಹೋಗಿದ್ದೂ ಇದರಿಂದಲೇ ಕಣೇ" ಎಂದರು. ನಮಗೆಲ್ಲ "ಜ್ವರ" ಎಂದಿದ್ದರು! ಮನೆತನದಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ ಎಂದು ಡಾಕ್ಟರು ಕೇಳಿದಾಗಲೆಲ್ಲ ನಾನು "ಇಲ್ಲ" ಎಂದೇ ಬರೆದುಕೊಟ್ಟಿದ್ದೆ.

ಹನ್ನೊಂದು, ಐವತ್ತೊಂದು, ನೂರೊಂದು ಡಾಲರುಗಳ ಚೆಕ್‌ಗಳು ಬಂದವು. ಗೆಳತಿಯೊಬ್ಬರು ತಮ್ಮ ಗರಾಜಿನಲ್ಲೇ ದೋಸೆ ಹುಯ್ದು ಹಣ ಕೂಡಿಸಿದರು. ಹಣಕ್ಕಿಂತ ಹೆಚ್ಚಾಗಿ ಫೋನುಗಳು ಬಂದವು. ಡೆಟ್ರಾಯಿಟ್ ಕಡೆಯ ಒಬ್ಬಾಕೆ ಪಿಸುದನಿಯಲ್ಲಿ, "ಅಕ್ಕ, ಏಳು ತಿಂಗಳಿಂದ ಗಂಟಿದೆ. ಯಜಮಾನರಿಗೂ ಹೇಳಿಲ್ಲ" ಎಂದರು. ಮರುವಾರವೇ ತಂಗಿ ಅವರನ್ನು ಮ್ಯಾಮೋಗ್ರಾಂಗೆ ಕರೆದೊಯ್ದಳು. ಅದು ಕ್ಯಾನ್ಸರೇ ಆಗಿತ್ತು, ಆದರೆ ಹರಡಿರಲಿಲ್ಲ. ಕಳೆದ ವರ್ಷ ಆಕೆಯ ಮಗಳ ಮದುವೆಯಲ್ಲಿ ಹೋಳಿಗೆ ಊಟ ಮಾಡಿ ಬಂದೆವು.

2010ರ ಆಗಸ್ಟ್‌ನಲ್ಲಿ ನಡೆದೆವು. ಎರಡನೆಯ ದಿನ ಕಾಲಿನ ಬೊಬ್ಬೆ ತಾಳಲಾರದೆ ನಾನು ವ್ಯಾನ್ ಹತ್ತಿದೆ. ತಂಗಿ ಅರವತ್ತೂ ಮೈಲಿ ನಡೆದಳು.

ಅಮೆರಿಕದಲ್ಲಿ ಎಂಟು ಹೆಂಗಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆ ಈ ಕಾಯಿಲೆ ಬರುತ್ತದೆ. 40 ದಾಟಿದವರು ಎರಡು ವರ್ಷಕ್ಕೊಮ್ಮೆ ಮ್ಯಾಮೋಗ್ರಾಂ ಮಾಡಿಸಿಕೊಳ್ಳಬೇಕೆಂದು 2024ರ ಸಲಹೆ. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಆದರೂ ತೋರಿಸಲೇಬೇಕು. ಪರಿಚಿತರಿಗೆ ಹೀಗಾದರೆ "ಏನಾದರೂ ಬೇಕಾದರೆ ಹೇಳಿ" ಎನ್ನಬೇಡಿ. "ಗುರುವಾರ ಆಸ್ಪತ್ರೆಗೆ ನಾನು ಕರೆದುಕೊಂಡು ಹೋಗುತ್ತೇನೆ" ಎನ್ನಿ.

ಈ ವಾರ ಊರಿಗೆ ಫೋನ್ ಮಾಡಿದಾಗ, ನಿಮ್ಮ ದೊಡ್ಡಮ್ಮ, ಅತ್ತೆ, ಅಜ್ಜಿಯರಿಗೆ ಏನಾಗಿತ್ತೆಂದು ದಯವಿಟ್ಟು ಒಮ್ಮೆ ಕೇಳಿ.