ಕಾಗದ ಓದಿಸಿದಿರಿ, ಗೋಡೆ ಓದಿಸಿದಿರಾ?

2021ರ ಅಕ್ಟೋಬರ್ 7. ಕಸ್ತೂರಿನಗರದ ಡಾಕ್ಟರ್ಸ್ ಲೇಔಟ್‌ನಲ್ಲಿ ಜನ ವಾಸವಿದ್ದ ಒಂದು ಅಪಾರ್ಟ್‌ಮೆಂಟ್ ಕಟ್ಟಡ ಕುಸಿದುಬಿತ್ತು. ಒಳಗಿದ್ದವರು ಮೊದಲೇ ಹೊರಗೆ ಬಂದಿದ್ದರಿಂದ ಜೀವ ಉಳಿಯಿತು, ಮನೆ ಉಳಿಯಲಿಲ್ಲ. ಮೂರು ವರ್ಷದ ನಂತರ, 2024ರ ಅಕ್ಟೋಬರ್ 22ರ ಮಳೆಯಲ್ಲಿ, ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಬಾಬುಸಾಪಾಳ್ಯದಲ್ಲಿ ಇನ್ನೂ ಕಟ್ಟುತ್ತಿದ್ದ ಕಟ್ಟಡವೊಂದು ನೆಲಕ್ಕೆ ಬಂತು. ಒಂಬತ್ತು ಜನ ಸತ್ತರು. ಅನುಮತಿಗಿಂತ ಹೆಚ್ಚು ಮಹಡಿ ಏರಿಸಿದ್ದರು ಅಂತ ಆಮೇಲೆ ಪಾಲಿಕೆಯವರೇ ಹೇಳಿದರು.

ಇಂಥ ದಿನ ಸ್ಟುಡಿಯೋದಲ್ಲಿ ಕೂತು ನಾವು ಕೇಳೋ ಪ್ರಶ್ನೆ ಗೊತ್ತಲ್ಲ? ಅನುಮತಿ ಕೊಟ್ಟವರ್ಯಾರು, ಕಣ್ಣು ಮುಚ್ಚಿ ಕೂತವರ್ಯಾರು. ಕೇಳಲೇಬೇಕು. ಆದರೆ ವೀಕ್ಷಕರು ಕೇಳೋದು ಬೇರೆ: ‘ನಾವೂ ಅದೇ ಏರಿಯಾದಲ್ಲಿ ಒಂದು ಫ್ಲಾಟ್ ನೋಡಿದ್ದೀವಿ, ತಗೋಬಹುದಾ?’ ಈ ಪ್ರಶ್ನೆಗೆ ಯಾವ ಅಧಿಕಾರಿಯ ಅಮಾನತೂ ಉತ್ತರ ಅಲ್ಲ.

ನಮ್ಮ ಜನ ಮನೆ ತಗೊಳ್ಳುವಾಗ ಕಾಗದಕ್ಕೆ ಕೊಡೋ ಮರ್ಯಾದೆ ದೊಡ್ಡದು. ಮದರ್ ಡೀಡ್, ಇ.ಸಿ., ಖಾತಾ, ಕಂದಾಯದ ರಸೀದಿ ಎಲ್ಲ ಫೈಲ್ ಮಾಡಿ ಲಾಯರ್ ಹತ್ತಿರ ಹೋಗ್ತೀವಿ, ಫೀಸು ಕೊಟ್ಟು ಅಭಿಪ್ರಾಯ ಬರೆಸ್ಕೊಳ್ತೀವಿ. ಒಳ್ಳೇದೇ. ಅದೇ ಮನೆಯ ಪಿಲ್ಲರ್ ನೋಡೋಕೆ ಒಬ್ಬ ಇಂಜಿನಿಯರ್‌ಗೆ ಫೀಸು ಕೊಟ್ಟವರು ಎಷ್ಟು ಜನ? ಕೇಳಿದರೆ ಬರೋ ಉತ್ತರ ಒಂದೇ: ‘ಬ್ಯಾಂಕ್‌ನವರು ಬಂದು ನೋಡಿದ್ದಾರಲ್ಲ ಸಾರ್!’

ಬ್ಯಾಂಕ್‌ನವರು ನೋಡಿದ್ದು ನಿಮಗೋಸ್ಕರ ಅಲ್ಲ ಸ್ವಾಮಿ. ವ್ಯಾಲ್ಯುಯರ್ ಬರೋದು, ನೀವು ಸಾಲ ಕಟ್ಟದೆ ಹೋದರೆ ಈ ಆಸ್ತಿ ಎಷ್ಟಕ್ಕೆ ಹೋಗುತ್ತೆ ಅಂತ ಲೆಕ್ಕ ಹಾಕೋಕೆ. ಬಚ್ಚಲುಮನೆಯ ಕೆಳಗೆ ನೀರು ಸೋರುತ್ತಿದೆಯಾ ಅನ್ನೋದು ಅವರ ಫಾರ್ಮಿನ ಕಾಲಂ ಅಲ್ಲ.

ಇಲ್ಲಿ ಎರಡು ಕಾನೂನು ಗೊತ್ತಿರಬೇಕು. ಮೊದಲನೆಯದು ರೇರಾ. ಮನೆ ಕೈಗೆ ಬಂದ ದಿನದಿಂದ ಐದು ವರ್ಷದೊಳಗೆ ಕಟ್ಟಡದಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡರೆ, ನೀವು ತಿಳಿಸಿದ 30 ದಿನದೊಳಗೆ ಬಿಲ್ಡರ್ ತನ್ನ ಖರ್ಚಲ್ಲಿ ಸರಿಮಾಡಿಕೊಡಬೇಕು ಅನ್ನುತ್ತೆ ಅದರ 14ನೇ ಸೆಕ್ಷನ್. ಕೇಳೋಕೆ ಚೆನ್ನಾಗಿದೆ. ಆದರೆ 500 ಚದರ ಮೀಟರ್ ಮೀರದ ಜಾಗ, ಅಥವಾ ಎಂಟಕ್ಕಿಂತ ಹೆಚ್ಚಿಲ್ಲದ ಫ್ಲಾಟ್ ಆದರೆ ಪ್ರಾಜೆಕ್ಟನ್ನು ರೇರಾದಲ್ಲಿ ನೋಂದಾಯಿಸುವ ಅಗತ್ಯವೇ ಇಲ್ಲ ಅಂತ 3ನೇ ಸೆಕ್ಷನ್ ಹೇಳುತ್ತೆ. ಈಗ ಕೆ.ಆರ್.ಪುರ, ರಾಮಮೂರ್ತಿನಗರ, ಹೊರಮಾವು ಕಡೆ ಒಂದು ಸುತ್ತು ಹಾಕಿ. 40x60 ಸೈಟು ಅಂದರೆ ಸುಮಾರು 223 ಚದರ ಮೀಟರ್. ಅದರ ಮೇಲೆ ನಾಲ್ಕು, ಆರು, ಎಂಟು ಫ್ಲಾಟು. ಮಧ್ಯಮ ವರ್ಗ ತನ್ನ ಬಜೆಟ್ಟಿಗೆ ಸಿಕ್ಕಿತು ಅಂತ ಕೊಳ್ಳೋದು ಇಂಥದ್ದನ್ನೇ. ಯಾವ ಕಟ್ಟಡಕ್ಕೆ ತಪಾಸಣೆ ಅತಿ ಹೆಚ್ಚು ಬೇಕೋ ಅದೇ ಕಟ್ಟಡ ನೋಂದಣಿಯ ಹೊರಗಿದೆ.

ಎರಡನೆಯದು 1882ರ ಆಸ್ತಿ ವರ್ಗಾವಣೆ ಕಾಯ್ದೆ, 55ನೇ ಸೆಕ್ಷನ್. ತನಗೆ ಗೊತ್ತಿರುವ, ಕೊಳ್ಳುವವರಿಗೆ ಗೊತ್ತಿಲ್ಲದ ದೊಡ್ಡ ದೋಷವನ್ನ ಮಾರುವವರು ಹೇಳಲೇಬೇಕು. ಆದರೆ ಒಂದು ಷರತ್ತಿದೆ. ಅದು ಕೊಳ್ಳುವವರು ಸಾಮಾನ್ಯ ಎಚ್ಚರ ವಹಿಸಿದ್ದರೂ ಕಾಣಿಸದಂಥ ದೋಷ ಆಗಿರಬೇಕು. ಅಂದರೆ, ನೋಡಿದ್ದರೆ ಕಾಣುತ್ತಿತ್ತು, ನೀವು ನೋಡಲಿಲ್ಲ, ಅಷ್ಟೇ. ನಾಳೆ ಕೋರ್ಟಿಗೆ ಹೋದರೆ ನಿಮ್ಮನ್ನೇ ತಿರುಗಿ ಕೇಳ್ತಾರೆ.

ಸರಿ, ನೋಡೋದು ಏನನ್ನ?

ಇಂಜಿನಿಯರಿಂಗ್ ಓದಿ ನಾನು ಬಂದದ್ದು ಕ್ಯಾಮೆರಾ ಮುಂದೆಯಾದರೂ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ: ಮನೆಗೆ ಮೊದಲ ಶತ್ರು ನೀರು. ಕಾಂಕ್ರೀಟಿನೊಳಗೆ ನೀರು ಇಳಿದರೆ ಕಂಬಿ ತುಕ್ಕು ಹಿಡಿಯುತ್ತೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತೆ, ಸುತ್ತಲಿನ ಕಾಂಕ್ರೀಟನ್ನ ಒಳಗಿನಿಂದಲೇ ಸೀಳುತ್ತೆ. ಮೋಲ್ಡಿನ ಕೆಳಗೆ ಚಕ್ಕೆ ಎದ್ದು ಕಂಬಿ ಕಾಣುತ್ತಿದ್ದರೆ ಅದಕ್ಕೆ ಸಿಮೆಂಟ್ ಮೆತ್ತಿ ಬಣ್ಣ ಹೊಡೆದರೆ ಮುಚ್ಚುತ್ತೆ, ವಾಸಿಯಾಗಲ್ಲ. ಹಾಗಾಗಿ ಮಾರಾಟಕ್ಕಿಟ್ಟ ಹಳೇ ಫ್ಲಾಟಲ್ಲಿ ಹೊಸ ಬಣ್ಣದ ವಾಸನೆ ಬಂದರೆ ಖುಷಿಪಡಬೇಡಿ, ಅನುಮಾನಪಡಿ. ಬಚ್ಚಲುಮನೆಗೆ ಮಾತ್ರ ಫಾಲ್ಸ್ ಸೀಲಿಂಗ್ ಹಾಕಿಸಿದ್ದರೆ, ಒಂದು ಹಲಗೆ ತೆಗೆಸಿ ಮೇಲೆ ಟಾರ್ಚ್ ಬಿಡಿ. ನಿಮ್ಮ ಫ್ಲಾಟಿನ ಬಚ್ಚಲು ಸೋರೋದು ಕಾಣೋದು ಕೆಳಗಿನ ಮನೆಯವರಿಗೆ. ಅವರ ಬಾಗಿಲು ತಟ್ಟಿ ಕೇಳಿ. ಟೆರೇಸ್ ಹತ್ತಿ. ಸಾಧ್ಯವಾದರೆ ಮಳೆ ಬಂದ ಮಾರನೇ ದಿನವೇ ಮನೆ ನೋಡೋಕೆ ಹೋಗಿ. ಬ್ರೋಕರ್ ಭಾನುವಾರದ ಬಿಸಿಲಿಗೆ ಕರೀತಾರೆ, ಅದು ಅವರ ಕಷ್ಟ.

ಮನೆಯೊಳಗಷ್ಟೇ ಅಲ್ಲ, ಬೀದಿಯನ್ನೂ ನೋಡಿ. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ಮುಳುಗಿದ್ದನ್ನ ನೀವು ಟೀವಿಯಲ್ಲೇ ನೋಡಿದ್ದೀರಿ. ರಾಜಕಾಲುವೆಯ ನೀರು ರೈಲ್ವೆ ಹಳಿಯ ಕೆಳಗಿನ ಇಕ್ಕಟ್ಟಾದ ಕಿಂಡಿಯಲ್ಲಿ ಹರಿಯಲಾರದೆ ಹಿಂದಕ್ಕೆ ಬರುತ್ತೆ. ಅಲ್ಲಿ ನಿಮ್ಮ ಮನೆ ಎಷ್ಟು ಗಟ್ಟಿ ಅನ್ನೋದಕ್ಕಿಂತ ಎಷ್ಟು ಎತ್ತರದಲ್ಲಿದೆ ಅನ್ನೋದು ಮುಖ್ಯ. ಕಾಂಪೌಂಡ್ ಗೋಡೆಯ ಮೇಲೆ ನೀರು ನಿಂತ ಗೆರೆ ಇದೆಯಾ ನೋಡಿ, ಪಕ್ಕದ ಅಂಗಡಿಯವರನ್ನ ಕೇಳಿ. ಅಂಗಡಿಯವರಿಗೆ ಕಮಿಷನ್ ಇರಲ್ಲ.

ಕಂಟೋನ್ಮೆಂಟ್ ಕಡೆಯ ಕಥೆ ಬೇರೆ. ಶಿವಾಜಿನಗರ, ಹಲಸೂರಿನ ಗಲ್ಲಿಗಳಲ್ಲಿ ಗಾರೆ ಗೋಡೆ, ಮರದ ತೊಲೆ, ಮದ್ರಾಸ್ ಟೆರೇಸಿನ ಮನೆಗಳು ಇನ್ನೂ ಇವೆ. ಹಳೇದು ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ. ತೊಲೆಯ ತುದಿ ಗೋಡೆಗೆ ಸೇರುವ ಜಾಗದಲ್ಲಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ, ಸಲೀಸಾಗಿ ಒಳಗೆ ಇಳಿದರೆ ಗೆದ್ದಲೋ ಕೊಳೆತವೋ ಇದ್ದೇ ಇದೆ. ಅಂಥ ಗೋಡೆಯ ಮೇಲೆ ಯಾರೋ ಆಮೇಲೆ ಎರಡು ಮಹಡಿ ಕಾಂಕ್ರೀಟ್ ಏರಿಸಿದ್ದರೆ ನನಗೆ ನಿಜಕ್ಕೂ ಭಯ. ಇಂದಿರಾನಗರದಲ್ಲಾದರೆ ಪಕ್ಕದ ಸೈಟು ನೋಡಿ. ಅಲ್ಲಿ ಬೇಸ್‌ಮೆಂಟ್ ಅಗೆಯುತ್ತಿದ್ದರೆ ನಿಮ್ಮ ಪಾಯದ ಪಕ್ಕದ ಮಣ್ಣೂ ಸಡಿಲವಾಗಬಹುದು.

ಬಿರುಕು ಕಂಡ ತಕ್ಷಣ ಓಡಬೇಕಿಲ್ಲ. ಗಾರೆಯಲ್ಲಿ ಕೂದಲೆಳೆಯಂಥ ಬಿರುಕು, ಪಿಲ್ಲರಿಗೂ ಇಟ್ಟಿಗೆ ಗೋಡೆಗೂ ನಡುವೆ ನೇರ ಗೆರೆ, ಇವೆಲ್ಲ ಸಾಮಾನ್ಯ. ಕಿಟಕಿ ಮೂಲೆಯಿಂದ ಓರೆಯಾಗಿ ಹೋಗುವ ಅಗಲದ ಬಿರುಕು, ಬೀಮು ಪಿಲ್ಲರಿನ ಮೈಮೇಲಿನ ಬಿರುಕು, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗೋದು, ಇದು ಇಂಜಿನಿಯರ್ ನೋಡಲೇಬೇಕಾದ ವಿಷಯ. ಅವರ ಹತ್ತಿರ ತೇವ ಅಳೆಯುವ ಮೀಟರ್ ಇರುತ್ತೆ, ಕಾಂಕ್ರೀಟಿನ ಗಟ್ಟಿತನ ಅಂದಾಜು ಮಾಡೋ ರೀಬೌಂಡ್ ಹ್ಯಾಮರ್ ಇರುತ್ತೆ. ಕರೆಂಟಿನ ಬೋರ್ಡಲ್ಲಿ ಆರ್‌ಸಿಸಿಬಿ ಇದೆಯಾ, ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತಾ ಅನ್ನೋದನ್ನ ಮಾತ್ರ ನೀವೇ ಒತ್ತಿ ನೋಡಬಹುದು.

ಒಂದು ಎಚ್ಚರಿಕೆ. ಹೋಮ್ ಇನ್‌ಸ್ಪೆಕ್ಷನ್ ಮಾಡೋರಿಗೆ ನಮ್ಮಲ್ಲಿ ಪ್ರತ್ಯೇಕ ಲೈಸೆನ್ಸ್ ಅಂತ ಇಲ್ಲ. ಆ್ಯಪ್ ಇದ್ದವರೆಲ್ಲ ಇನ್‌ಸ್ಪೆಕ್ಟರೇ. ಟೈಲ್ಸ್ ತಟ್ಟಿ, ಸ್ವಿಚ್ ಎಣಿಸಿ, 60 ಪುಟದ ಬಣ್ಣಬಣ್ಣದ ಪಿಡಿಎಫ್ ಕಳಿಸೋರೂ ಇದ್ದಾರೆ. ಪಿಲ್ಲರ್, ಬೀಮಿನ ಬಗ್ಗೆ ಬರೆದ ಪುಟಕ್ಕೆ ಸ್ಟ್ರಕ್ಚರಲ್ ಇಂಜಿನಿಯರ್ ತಮ್ಮ ಹೆಸರು ಹಾಕಿ ಸಹಿ ಮಾಡ್ತಾರಾ ಅಂತ ಮೊದಲೇ ಕೇಳಿ. ಬಿಲ್ಡರ್ರೋ ಬ್ರೋಕರ್ರೋ ‘ನಮ್ಮವರೇ ಒಬ್ಬರಿದ್ದಾರೆ’ ಅಂದರೆ ಬೇಡ ಅನ್ನಿ.

ಓ.ಸಿ. ಇದ್ದರೆ ಇದೆಲ್ಲ ಯಾಕೆ ಅಂತ ಕೇಳಬಹುದು. ಓ.ಸಿ. ಅಥವಾ ಪೂರ್ಣಗೊಂಡ ಪ್ರಮಾಣಪತ್ರ ನೋಡದೆ ಕಟ್ಟಡದ ಮೇಲೆ ಸಾಲ ಕೊಡಬಾರದು, ನೀರು ವಿದ್ಯುತ್ ಸಂಪರ್ಕವನ್ನೂ ಕೊಡಬಾರದು ಅಂತ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಹೇಳಿದೆ. ಓ.ಸಿ. ಬೇಕೇ ಬೇಕು. ಆದರೆ ಐದು ವರ್ಷದ ಹಿಂದೆ ಸಿಕ್ಕ ಓ.ಸಿ., ಇವತ್ತು ಸೋರುತ್ತಿರುವ ಗೋಡೆ ಬಗ್ಗೆ ಏನೂ ಹೇಳಲ್ಲ.

ತಪಾಸಣೆ ಯಾವಾಗ? ಟೋಕನ್ ಕೊಡೋ ಮೊದಲು ಆದರೆ ಒಳ್ಳೇದು. ಆಗಲಿಲ್ಲ ಅಂದರೆ ಕರಾರು ಪತ್ರದಲ್ಲಿ ಒಂದು ಸಾಲು ಬರೆಸಿ: ಇಂಜಿನಿಯರ್ ವರದಿಯಲ್ಲಿ ಕಟ್ಟಡದ ದೋಷ ಕಂಡುಬಂದರೆ ಮುಂಗಡ ಹಣ ಪೂರ್ತಿ ವಾಪಸ್. ಮಾರುವವರು ಮುಖ ಗಂಟು ಹಾಕಿಕೊಳ್ಳಬಹುದು, ‘ನಂಬಿಕೆ ಇಲ್ವಾ?’ ಅನ್ನಬಹುದು. ವರದಿ ಬಂದ ಮೇಲೆ ಅದರ ಒಂದು ಪ್ರತಿಯನ್ನ ಅವರಿಗೂ ಕೊಟ್ಟು, ತಲುಪಿದ್ದಕ್ಕೆ ಸಹಿ ಹಾಕಿಸ್ಕೊಳ್ಳಿ. ಸರಿಮಾಡಿ ಕೊಡಿ ಅಂತಲೋ, ರೇಟು ಇಳಿಸಿ ಅಂತಲೋ ಕೇಳೋಕೆ ಅದೇ ಆಧಾರ. ನೀವು ಕೊಳ್ಳದೆ ಎದ್ದು ಬಂದರೂ, ಆ ದೋಷ ನನಗೆ ಗೊತ್ತೇ ಇರಲಿಲ್ಲ ಅಂತ ಮುಂದೆ ಬರೋ ಗಿರಾಕಿಗೆ ಅವರು ಹೇಳೋ ಹಾಗಿಲ್ಲ.