ಬಹುಮತವೂ ಸಾಲದ ಕಡೆ

ವಿಕಿಪೀಡಿಯಕ್ಕೆ ಬರೆಯುವವರಿಗೆ ಸಂಬಳವಿಲ್ಲ. ನಾಳೆಯಿಂದ ಇದನ್ನೇ ಬರೆಯಿರಿ ಎಂದು ಅವರಿಗೆ ಯಾರೂ ಅಪ್ಪಣೆ ಕೊಡುವಂತಿಲ್ಲ. ಮುನ್ನೂರಕ್ಕೂ ಹೆಚ್ಚು ಭಾಷೆಗಳಲ್ಲಿ ಹರಡಿಕೊಂಡ ಇಂಥ ಸ್ವಯಂಸೇವಕರು ಮುಂದೆ ಎತ್ತ ಸಾಗಬೇಕೆಂದು ಒಟ್ಟಾಗಿ ತೀರ್ಮಾನಿಸುವುದು ಹೇಗೆ?

2017ರಲ್ಲಿ ಈ ಬಳಗ ‘ವಿಕಿಮೀಡಿಯ 2030’ ಎಂಬ ಹೆಸರಿನಲ್ಲಿ ಆ ಕೆಲಸಕ್ಕೆ ಕೈಹಾಕಿತು. ವರ್ಷ ಮುಗಿಯುವಷ್ಟರಲ್ಲಿ ದಿಕ್ಕೇನೋ ಗೊತ್ತಾಯಿತು: ಮುಕ್ತ ಜ್ಞಾನಕ್ಕೆ ಬೇಕಾದ ಮೂಲಸೌಕರ್ಯವಾಗುವುದು, ಈವರೆಗೆ ಹೊರಗುಳಿದವರ ತಿಳಿವಳಿಕೆಗೆ ಜಾಗ ಮಾಡಿಕೊಡುವುದು. ಈ ಎರಡನೆಯ ಮಾತು 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯಕ್ಕೂ 2016ರಲ್ಲಿ ಬಂದ ತುಳು ವಿಕಿಪೀಡಿಯಕ್ಕೂ ನೇರವಾಗಿ ಸೇರಿದ್ದು.

ದಿಕ್ಕಿನಿಂದ ದಾರಿಗೆ ಬರಲು ಮಾತ್ರ ಸುಮಾರು ಎರಡೂವರೆ ವರ್ಷ ಹಿಡಿಯಿತು. ಒಂಬತ್ತು ಕಾರ್ಯತಂಡಗಳು ಹಣ, ತಂತ್ರಜ್ಞಾನ, ವೈವಿಧ್ಯ, ಅಧಿಕಾರ ಹಂಚಿಕೆ ಮುಂತಾದವನ್ನು ಕೈಗೆತ್ತಿಕೊಂಡು 89 ಶಿಫಾರಸುಗಳನ್ನು ಮುಂದಿಟ್ಟವು. ಅವನ್ನು ಬೆಸೆದು 13 ಮಾಡಿದರು. ಮತ್ತೆ ಚರ್ಚೆಯಾಗಿ 2020ರ ಮೇ ಹೊತ್ತಿಗೆ 10 ಉಳಿದವು. ಇಂಥ ಚರ್ಚೆಗೆ ಎಲ್ಲ ಭಾಷೆಯವರೂ ಒಂದೇ ಹೊತ್ತಿಗೆ ಸೇರುವುದು ಸುಲಭವಲ್ಲ. ಕನ್ನಡ ವಿಕಿಪೀಡಿಯದವರು ಕೂಡಿ ಚರ್ಚಿಸುವ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರು. ಆದರೆ ಜಾಗತಿಕ ಕರಡುಗಳ ಮೇಲಿನ ವಾದ ಹೆಚ್ಚಾಗಿ ನಡೆಯುವುದು ಇಂಗ್ಲಿಷಿನಲ್ಲಿ. ಅನುವಾದ ತಡವಾಗಿ ಬಂದರೆ ಕಟ್ಟೆಯವರ ಮಾತೂ ತಡವಾಗುತ್ತದೆ. ಹೊರಗುಳಿದವರನ್ನು ಒಳಗೆ ಕರೆಯುವ ಯೋಜನೆಗೆ ಇದು ಸಣ್ಣ ಕೊರತೆಯಲ್ಲ.

ವಿಕಿಪೀಡಿಯದ ದಿನನಿತ್ಯದ ತೀರ್ಮಾನಗಳು ಕೈ ಎಣಿಸಿ ಆಗುವಂಥವಲ್ಲ. ಒಮ್ಮತ ಮೂಡುವತನಕ ಮಾತು ಮುಂದುವರಿಯಬೇಕು, ಕಾರಣ ಕೊಟ್ಟು ಎತ್ತಿದ ಆಕ್ಷೇಪಕ್ಕೆ ಕಾರಣ ಕೊಟ್ಟೇ ಉತ್ತರಿಸಬೇಕು. ಮತದಾನಕ್ಕೆ ಇಳಿದಾಗಲೂ ಈ ರೂಢಿ ಪೂರ್ತಿ ಬಿಟ್ಟುಹೋಗಲಿಲ್ಲ. ಶಿಫಾರಸುಗಳಿಂದ ಮೂಡಿದ ಸಾರ್ವತ್ರಿಕ ನೀತಿಸಂಹಿತೆಯನ್ನೇ ನೋಡಿ. ಅದನ್ನು ಜಾರಿಗೊಳಿಸುವ ನಿಯಮಗಳಿಗೆ 2022ರಲ್ಲಿ ಶೇ 57ರಷ್ಟು ಒಪ್ಪಿಗೆ ಸಿಕ್ಕಿತು. ಚುನಾವಣೆಯಾಗಿದ್ದರೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಹಾಗಾಗಲಿಲ್ಲ. ಮತ ಹಾಕಿದವರು ಬರೆದ ಟಿಪ್ಪಣಿಗಳನ್ನು ಓದಿ, ತಕರಾರು ಬಂದ ಭಾಗಗಳನ್ನು ತಿದ್ದಿ, 2023ರಲ್ಲಿ ಮತ್ತೆ ಜನರ ಮುಂದಿಟ್ಟರು. ಈ ಸಲ ಶೇ 76 ಮಂದಿ ಒಪ್ಪಿದರು. ನನ್ನ ಮಟ್ಟಿಗೆ ಇಡೀ ಪ್ರಕ್ರಿಯೆಯಲ್ಲಿ ಅತಿ ಗೌರವದ ಘಟನೆ ಇದೇ. ಸೋತವರು ಬರೆದದ್ದನ್ನು ಗೆದ್ದವರು ಕೂತು ಓದಿದರು. ಮನಸ್ಸು ಮುರಿದರೆ ಸುಮ್ಮನೆ ಬರೆಯುವುದನ್ನೇ ಬಿಟ್ಟು ಹೋಗಬಲ್ಲ ಜನರ ನಡುವೆ ಇಂಥ ತಾಳ್ಮೆ ಬರೀ ಸೌಜನ್ಯವಲ್ಲ, ಬಳಗ ಉಳಿಯುವ ದಾರಿಯೇ ಅದು.

ಅಧಿಕಾರದ ಪ್ರಶ್ನೆಗೆ ಬಂದಾಗ ಕಥೆ ಬೇರೆಯಾಯಿತು. ಸ್ವಯಂಸೇವಕರಿಗೂ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನಕ್ಕೂ ನಡುವಿನ ಹೊಣೆ, ಹಕ್ಕುಗಳನ್ನು ಗೊತ್ತುಮಾಡುವ ಸನ್ನದನ್ನು ಬರೆಯಲು 2021ರಲ್ಲಿ 15 ಮಂದಿಯ ಸಮಿತಿಯಾಯಿತು. ಅವರು ಬರೆದ ಕರಡಿನಲ್ಲಿ ಒಂದು ಜಾಗತಿಕ ಮಂಡಳಿಯ ಪ್ರಸ್ತಾವವಿತ್ತು. 2024ರ ಮತದಾನದಲ್ಲಿ ವ್ಯಕ್ತಿಗಳ ಪೈಕಿ ಸುಮಾರು ಶೇ 73 ಮಂದಿ ಆ ಕರಡನ್ನು ಒಪ್ಪಿದರು. ಅಂಗಸಂಸ್ಥೆಗಳಲ್ಲೂ ಬಹುಮತ ಬಂತು. ಪ್ರತಿಷ್ಠಾನದ ಆಡಳಿತ ಮಂಡಳಿ ಮಾತ್ರ ಒಪ್ಪಲಿಲ್ಲ, ಅದರ ಸಮ್ಮತಿಯಿಲ್ಲದೆ ಸನ್ನದು ಜಾರಿಗೆ ಬರುವಂತಿರಲಿಲ್ಲ. ಅಧಿಕಾರವನ್ನು ಜಾಗತಿಕ ಮಂಡಳಿಗೆ ಒಮ್ಮೆಲೇ ಹಸ್ತಾಂತರಿಸುವ ಬದಲು ಸಣ್ಣ ಪ್ರಯೋಗಗಳಿಂದ ಶುರುಮಾಡೋಣ ಎಂಬುದು ಆಡಳಿತ ಮಂಡಳಿಯ ವಾದ. ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೂ ವರ್ಷಗಟ್ಟಲೆ ಬಿಡುವಿನ ಹೊತ್ತನ್ನೆಲ್ಲ ಕರಡಿಗೆ ಕೊಟ್ಟವರಿಗೆ, ಕಡೆಯ ಮಾತು ಯಾರದು ಎಂಬುದಕ್ಕೆ ಸ್ಪಷ್ಟ ಉತ್ತರವನ್ನು ಬಳಗ ಕೊಡಲೇಬೇಕು.