ಕಾರಿನ ಬಾಗಿಲ ಪ್ಯಾನೆಲ್ ಉಬ್ಬುವುದೇಕೆ?

ಹಳೆಯ ಕಾರಿನ ಬಾಗಿಲಿಗೆ ಮನೆಯಲ್ಲೇ ಹಾರ್ಡ್‌ಬೋರ್ಡ್ ಕತ್ತರಿಸಿ ಒಳಪ್ಯಾನೆಲ್ ಮಾಡಿದೆ. ದೆಹಲಿಯ ಒಂದೇ ಮಳೆಗಾಲಕ್ಕೆ ಉಬ್ಬಿತು. ಏಕೆ?
– ಓದುಗರು, ದ್ವಾರಕಾ

ಮಳೆನೀರು ಗಾಜಿನ ಸಂದಿಯಿಂದ ಬಾಗಿಲೊಳಗೆ ಇಳಿದೇ ಇಳಿಯುತ್ತದೆ. ಅದು ಹೊರಹೋಗಲೆಂದೇ ಬಾಗಿಲ ತಳದಲ್ಲಿ ತೂತುಗಳಿರುತ್ತವೆ. ಆದರೆ ಅಷ್ಟರಲ್ಲಿ ತೇವ ಪ್ಯಾನೆಲ್‌ನ ಬೆನ್ನಿಗೆ ತಾಗಿರುತ್ತದೆ. ಹಾರ್ಡ್‌ಬೋರ್ಡ್ ಎಂದರೆ ಒತ್ತಿ ಕೂಡಿಸಿದ ಮರದ ನಾರು. ಅವಲಕ್ಕಿಯಂತೆ ನೀರು ಕುಡಿದು ಊದಿಕೊಳ್ಳುತ್ತದೆ, ಒಣಗಿದರೂ ಮೊದಲಿನ ತೆಳುವಿಗೆ ಮರಳದು. ಎಂಡಿಎಫ್ ಕೂಡ ಇದೇ ಜಾತಿ.

ಹೊಸ ಪ್ಯಾನೆಲ್ ಮಾಡಲು ಕೀರ್ತಿನಗರದ ಮರದ ಮಾರುಕಟ್ಟೆಯಲ್ಲಿ ಐಎಸ್ 710 ಗುರುತಿನ, 4 ಮಿ.ಮೀ. ಮರೀನ್ ಪ್ಲೈವುಡ್ ಕೇಳಿ. ಅದರ ಪದರಗಳನ್ನು ಅಡ್ಡಡ್ಡ ಜೋಡಿಸಿ, ಕುದಿನೀರಿಗೂ ಬಿಡದ ಅಂಟು ಹಾಕಿರುತ್ತಾರೆ. ಕತ್ತರಿಸಿದ ಅಂಚುಗಳಿಗೆ ವಾರ್ನಿಷ್ ಬಳಿಯಿರಿ. ಪ್ಯಾನೆಲ್ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ಕಿತ್ತೆಸೆಯಬೇಡಿ. ನೀರಿಗೆ ಮೊದಲ ತಡೆ ಅದೇ.